ಕಾವಿಗೂ ಒಬ್ಬ ನೀರಗಂಟಿ ಬೇಕು

ಕಳೆದ ಮೇ ತಿಂಗಳಲ್ಲಿ ರಾಯಚೂರಿನ ಅಕ್ಕನ ಮನೆಗೆ ಹೋದಾಗ, ಚೀಲ ಇಳಿಸುವ ಮೊದಲೇ ಅವಳ ಮಗ ನನ್ನನ್ನು ಮಹಡಿಯ ಕೋಣೆಗೆ ಎಳೆದೊಯ್ದ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಸಣ್ಣ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಂಡಿದ್ದ. ಅದು ಈಗ ಕೈಕೊಟ್ಟಿತ್ತು.

"ಮಾಮಾ, ಇಪ್ಪತ್ತು ನಿಮಿಷ ಆಡಿದ್ರ ಸಾಕು, ಫ್ಯಾನ್ ಹುಯ್ಯೋ ಅಂತದ. ಆಮ್ಯಾಲ ಸ್ಕ್ರೀನ್ ಕರ್ರಗ ಆಗಿ ಎಲ್ಲಾ ನಿಂತ್ ಬಿಡ್ತದ. ಅಂಗಡಿಯಾಗ ಕೇಳಿದ್ರ ಕಾರ್ಡ್ ಹೋಗ್ಯಾದ, ಹೊಸದು ಹಾಕಿಸ್ಕೊ ಅಂತಾರ. ಖರೇನೇ ಹೋಗ್ಯಾದೇನ್ರಿ?"

ಮಧ್ಯಾಹ್ನ ಮೂರು ಗಂಟೆ. ಮೇಲೆ ಕಾದ ಆರ್‌ಸಿಸಿ ಸೂರು. ಗೋಡೆಯ ಗಡಿಯಾರದಲ್ಲಿದ್ದ ತಾಪಮಾಪಕ 38 ಡಿಗ್ರಿ ತೋರಿಸುತ್ತಿತ್ತು. ದೂಳು ಬೀಳದಿರಲಿ ಎಂದು ಹುಡುಗ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿನ ಬಾಗಿಲಿರುವ ಗೂಡಿನೊಳಗೆ ಇಟ್ಟಿದ್ದ. ಆಟ ಶುರುಮಾಡಿಸಿ ಅಂಕಿಗಳನ್ನು ನೋಡಿದೆ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಚಿಪ್ಪಿನ ತಾಪ 84 ಡಿಗ್ರಿ, ಚಿಪ್ಪಿನೊಳಗೆ ಅತಿ ಹೆಚ್ಚು ಕಾದ ಬಿಂದುವಿನಲ್ಲಿ 101. ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು. ಗೂಡಿನೊಳಗೆ ಕೈಯಿಟ್ಟರೆ ಒಲೆಯ ಮುಂದೆ ಹಿಡಿದಂತಾಯಿತು.

ಹೊಸ ಕಾರ್ಡ್ ತಂದು ಅದೇ ಗೂಡಿನಲ್ಲಿಟ್ಟರೆ ಅದರ ಗತಿಯೂ ಇಷ್ಟೇ. ದುಡ್ಡು ಬಿಚ್ಚುವ ಮೊದಲು ಆ ಕಾವು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಬೇಕು. ನಮ್ಮೂರ ಕೆರೆಯ ನೀರಗಂಟಿಯ ಕೆಲಸವೂ ಇದೇ ಆಗಿತ್ತು. ನೀರನ್ನು ಅವನು ಸೃಷ್ಟಿಸುತ್ತಿರಲಿಲ್ಲ. ತೂಬನ್ನು ಬೇಕಾದಷ್ಟೇ ಎತ್ತುತ್ತಿದ್ದ, ಕಾಲುವೆಯಲ್ಲಿ ಹೂಳು ಕಟ್ಟದಂತೆ ನೋಡಿಕೊಳ್ಳುತ್ತಿದ್ದ, ಕೊನೆಯ ಗದ್ದೆಯವರೆಗೂ ನಡೆದು ಹೋಗಿ ನೋಡಿ ಬರುತ್ತಿದ್ದ. ಗ್ರಾಫಿಕ್ಸ್ ಕಾರ್ಡನ್ನು ತಂಪಾಗಿ, ಸ್ಥಿರವಾಗಿ ಇಟ್ಟುಕೊಳ್ಳುವವರು ಮಾಡಬೇಕಾದದ್ದೂ ಈ ಮೂರೇ ಕೆಲಸ.

ನಾಣ್ಯದಷ್ಟು ಜಾಗದಲ್ಲಿ

ಆರ್‌ಟಿಎಕ್ಸ್ 3060 ಕಾರ್ಡ್ ದುಡಿಯುವಾಗ 170 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಅದರ ಬಹುಪಾಲನ್ನು ಖರ್ಚು ಮಾಡುವ ಚಿಪ್ಪಿನ ವಿಸ್ತೀರ್ಣ 276 ಚದರ ಮಿಲಿಮೀಟರ್. ಅಂದರೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಮನೆಯ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟಿನದಾದರೂ ಆ ಕಾವು ಅಂಗೈಗಿಂತ ದೊಡ್ಡ ತಳದ ಮೇಲೆ ಹರಡಿರುತ್ತದೆ. ಒಂದೊಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಇಸ್ತ್ರಿ ಪೆಟ್ಟಿಗೆಯ ಹಲವು ಪಟ್ಟು ಕಾವು ಈ ಚಿಪ್ಪಿನಿಂದ ಹೊರಡುತ್ತದೆ.

1999ರಲ್ಲಿ ಎನ್ವಿಡಿಯಾ ಕಂಪನಿ 'ಜೀಫೋರ್ಸ್ 256' ಅನ್ನು ಜಗತ್ತಿನ ಮೊದಲ ಜಿಪಿಯು, ಅಂದರೆ ಗ್ರಾಫಿಕ್ಸ್ ಸಂಸ್ಕಾರಕ, ಎಂದು ಕರೆದು ಮಾರುಕಟ್ಟೆಗೆ ಬಿಟ್ಟಾಗ ಅದಕ್ಕೆ ಬಿಸ್ಕತ್ತಿನಷ್ಟಗಲದ ಫ್ಯಾನ್ ಸಾಕಾಗಿತ್ತು. 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ತನ್ನ ಫ್ಯಾನಿನ ಗದ್ದಲಕ್ಕೇ ಕುಖ್ಯಾತವಾಯಿತು. 2010ರ ಜಿಟಿಎಕ್ಸ್ 480 ಕಾರ್ಡ್ 250 ವ್ಯಾಟ್ ತಲುಪಿತು. 2022ರ ಆರ್‌ಟಿಎಕ್ಸ್ 4090ಕ್ಕೆ 450, 2025ರ ಆರ್‌ಟಿಎಕ್ಸ್ 5090ಕ್ಕೆ 575 ವ್ಯಾಟ್. ಈ ಕೊನೆಯದನ್ನು ಸಣ್ಣ ಕೋಣೆಯಲ್ಲಿ ಓಡಿಸುವುದೆಂದರೆ ಅರ್ಧ ರೂಮ್ ಹೀಟರನ್ನು ಹಚ್ಚಿಟ್ಟಂತೆ. ಕಾರ್ಡ್ ಎಳೆದುಕೊಂಡ ವಿದ್ಯುತ್ ಕೊನೆಗೆ ಪೂರ್ತಿ ಕಾವಾಗಿಯೇ ಕೋಣೆಗೆ ಬರುತ್ತದೆ.

ರಾಯಚೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಊರಿನ ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿ ಕಲ್ಲಿದ್ದಲಿನ ಕಾವು ವಿದ್ಯುತ್ತಾಗುತ್ತದೆ, ಹುಡುಗನ ಕೋಣೆಯಲ್ಲಿ ಅದೇ ವಿದ್ಯುತ್ತು ಮತ್ತೆ ಕಾವಾಗುತ್ತದೆ. ಆ ಸ್ಥಾವರ ಕೃಷ್ಣಾ ನದಿಯ ಪಕ್ಕದಲ್ಲಿರುವುದಕ್ಕೆ ಕಾರಣವಿದೆ. ಮಿಕ್ಕ ಕಾವನ್ನು ಹೊತ್ತೊಯ್ಯಲು ಅಷ್ಟು ನೀರು ಬೇಕು. ಹುಡುಗನ ಕಾರ್ಡಿಗೆ ಇದ್ದ ನದಿ ಎಂದರೆ ಗಾಳಿ. ಅದನ್ನು ಮರದ ಬಾಗಿಲು ತಡೆದಿತ್ತು.

ಕಾವು ಸಾಗುವ ದಾರಿ

ಕಾವನ್ನು ಯಾರೂ ನಾಶ ಮಾಡಲಾರರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಬಹುದು ಅಷ್ಟೆ. ಚಿಪ್ಪಿನಿಂದ ಹೊರಟ ಕಾವು ಮೊದಲು ತೆಳುವಾದ ಥರ್ಮಲ್ ಪೇಸ್ಟಿನ ಪದರವನ್ನು ದಾಟುತ್ತದೆ. ಅಲ್ಲಿಂದ ತಾಮ್ರದ ತಟ್ಟೆಗೆ, ತಟ್ಟೆಯಿಂದ ಹೀಟ್ ಪೈಪುಗಳಿಗೆ, ಪೈಪುಗಳಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳಿಂದ ಫ್ಯಾನಿನ ಗಾಳಿಗೆ, ಆ ಗಾಳಿಯೊಂದಿಗೆ ಕ್ಯಾಬಿನೆಟ್ಟಿನ ಹೊರಗೆ, ಕೊನೆಗೆ ಕೋಣೆಯ ಹೊರಗೆ. ಇಷ್ಟು ಮಜಲುಗಳಲ್ಲಿ ಯಾವುದೊಂದು ಕಟ್ಟಿಕೊಂಡರೂ ಹಿಂದಿನದೆಲ್ಲ ಕಾಯತೊಡಗುತ್ತದೆ.

ಇವುಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಹೀಟ್ ಪೈಪ್. ನೋಡಲು ಗಟ್ಟಿ ತಾಮ್ರದ ಸರಳಿನಂತಿದ್ದರೂ ಅದರ ಒಳಗೆ ಟೊಳ್ಳು. ಗಾಳಿ ತೆಗೆದ ಆ ಟೊಳ್ಳಿನಲ್ಲಿ ಒಂದಿಷ್ಟೇ ನೀರು. ಒತ್ತಡ ಕಡಿಮೆಯಿರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಬೇಗನೆ ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ, ಅಲ್ಲಿ ಕಾವನ್ನು ಬಿಟ್ಟು ಹನಿಯಾಗುತ್ತದೆ. ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರ ಆ ಹನಿಯನ್ನು, ದೀಪದ ಬತ್ತಿ ಎಣ್ಣೆ ಹೀರಿದಂತೆ, ಮರಳಿ ಬಿಸಿ ತುದಿಗೆ ಎಳೆದು ತರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದಾಗ ಮನಸ್ಸಿನಲ್ಲಿದ್ದದ್ದು ಬಾಹ್ಯಾಕಾಶದ ಬಳಕೆ. ಅದೇ ಮಳೆ-ಮೋಡದ ಆಟ ಇಂದು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ನಡೆಯುತ್ತಿದೆ.

ಆ ಒಂದಿಷ್ಟು ನೀರಿನ ಬೆಲೆ ಏನೆಂಬುದು 2022ರ ಕೊನೆಯಲ್ಲಿ ಗೊತ್ತಾಯಿತು. ಎಎಂಡಿ ಕಂಪನಿಯ ಹೊಸ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು 110 ಡಿಗ್ರಿ ಮುಟ್ಟಿ ತಾವಾಗಿಯೇ ವೇಗ ಇಳಿಸತೊಡಗಿದವು. ಹೀಟ್ ಪೈಪಿನ ತತ್ವದಲ್ಲೇ ಕೆಲಸ ಮಾಡುವ ಚಪ್ಪಟೆ ಆವಿಕೋಶದಲ್ಲಿ ಸಾಕಷ್ಟು ನೀರಿಲ್ಲದಿರುವುದೇ ಕಾರಣವೆಂದು 2023ರ ಜನವರಿಯಲ್ಲಿ ಕಂಪನಿ ಒಪ್ಪಿಕೊಂಡು, ಅಂಥ ಕಾರ್ಡುಗಳನ್ನು ಬದಲಿಸಿಕೊಡಲು ಮುಂದಾಯಿತು.

ಈ ದಾರಿಯ ಕೊನೆಯ ಗದ್ದೆ ಎಂದರೆ ಕೋಣೆ. ಗಾಳಿಯಿಂದ ತಂಪಾಗುವ ಕಾರ್ಡು ಕೋಣೆಗಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ. ಒಂದೇ ಆಟ, ಒಂದೇ ಫ್ಯಾನ್ ವೇಗವಾದರೆ ಕಾರ್ಡಿನ ತಾಪಕ್ಕೂ ಕೋಣೆಯ ತಾಪಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂತರ 46 ಇರುವ ಕಾರ್ಡು 20 ಡಿಗ್ರಿಯ ಕೋಣೆಯಲ್ಲಿ 66 ತೋರಿಸುತ್ತದೆ, 38 ಡಿಗ್ರಿಯ ಕೋಣೆಯಲ್ಲಿ 84. ಹಾಗಾಗಿ ಯುರೋಪಿನ ಚಳಿಯಲ್ಲಿ ಕುಳಿತವರು ಹೇಳುವ 'ಒಳ್ಳೆಯ ತಾಪಮಾನ'ವನ್ನು ಕಲಬುರಗಿ, ರಾಯಚೂರಿನ ಬೇಸಿಗೆಗೆ ಹೋಲಿಸಿ ಗಾಬರಿಪಡಬೇಕಾಗಿಲ್ಲ. ನೋಡಬೇಕಾದದ್ದು ಅಂತರವನ್ನು. ತಿಂಗಳಿಂದ ತಿಂಗಳಿಗೆ ಅದು ಹಿಗ್ಗುತ್ತಿದ್ದರೆ ದಾರಿಯಲ್ಲೆಲ್ಲೋ ಹೂಳು ಕಟ್ಟುತ್ತಿದೆ ಎಂದರ್ಥ.

ಹೂಳು ತೆಗೆಯುವುದು

ಮೊದಲು ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟೆವು, ಹಿಂದೆ ಒಂದು ಗೇಣು ಜಾಗ ಬಿಟ್ಟು. ಪಕ್ಕದ ಮುಚ್ಚಳ ಬಿಚ್ಚಿದರೆ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಹಾಸಿಕೊಂಡಿತ್ತು. ಬಾಗಿಲಿನ ಗೂಡು ದೂಳನ್ನು ತಡೆದಿರಲಿಲ್ಲ, ಗಾಳಿಯನ್ನು ಮಾತ್ರ ತಡೆದಿತ್ತು.

ದೂಳು ತೆಗೆಯುವಾಗ ಕೆಲವು ಎಚ್ಚರ ಬೇಕು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು ಆಮೇಲೆ ಕೈ ಹಾಕಬೇಕು. ಸಣ್ಣ ಬ್ಲೋವರ್ ಮತ್ತು ಮೆತ್ತನೆಯ ಪೇಂಟ್ ಬ್ರಷ್ ಸಾಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಅದರ ಒತ್ತಡ ಜಾಸ್ತಿ, ಗಾಳಿಯ ಜೊತೆ ನೀರಿನ ತುಂತುರೂ ಬರುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ಕ್ಯಾಬಿನೆಟ್ಟಿನ ಫ್ಯಾನುಗಳ ದಿಕ್ಕನ್ನೂ ನೋಡಬೇಕು. ಮುಂದಿನಿಂದ ತಣ್ಣನೆಯ ಗಾಳಿ ಒಳಗೆ ಬಂದು ಹಿಂದಿನಿಂದ, ಮೇಲಿನಿಂದ ಬಿಸಿ ಗಾಳಿ ಹೊರಗೆ ಹೋಗಬೇಕು. ಒಳಗೆ ತರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಒಳ್ಳೆಯದು. ಆಗ ಸಂದುಗೊಂದುಗಳಿಂದ ದೂಳು ನುಸುಳುವುದು ಕಡಿಮೆಯಾಗಿ, ಬರುವ ಗಾಳಿಯೆಲ್ಲ ಮುಂದಿನ ಜಾಲರಿಯ ಮೂಲಕವೇ ಬರುತ್ತದೆ. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಗಾಳಿ ಸರಿಯಾಗಿ ಆಡುತ್ತಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಪಕ್ಕದ ಮುಚ್ಚಳ ತೆಗೆದು ಅದೇ ಆಟವನ್ನು ಅರ್ಧ ಗಂಟೆ ಆಡಿ. ಕಾರ್ಡಿನ ತಾಪ ಐದಾರು ಡಿಗ್ರಿ ಇಳಿದರೆ ತೊಂದರೆ ಕ್ಯಾಬಿನೆಟ್ಟಿನ ಗಾಳಿಯಲ್ಲಿದೆ. ಇಳಿಯದಿದ್ದರೆ ಕಾರ್ಡಿನಲ್ಲೇ ಹುಡುಕಬೇಕು.

ಕಾರ್ಡಿನಲ್ಲಿ ಹುಡುಕಬೇಕಾದದ್ದು ಪೇಸ್ಟ್ ಮತ್ತು ಪ್ಯಾಡುಗಳನ್ನು. ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು ಪೇಸ್ಟ್ ಒಣಗುತ್ತದೆ, ಇಲ್ಲವೇ ಅಂಚಿಗೆ ಜರುಗಿ ನಡುವೆ ಬರಿದಾಗುತ್ತದೆ. ಚಿಪ್ಪಿನ ತಾಪಕ್ಕೂ ಅದರ ಅತಿ ಬಿಸಿ ಬಿಂದುವಿಗೂ ಸಾಮಾನ್ಯವಾಗಿ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ. ಅದು ಇಪ್ಪತ್ತೈದು ಮೂವತ್ತಕ್ಕೆ ಹೋದರೆ ಪೇಸ್ಟ್ ಬದಲಿಸುವ ಕಾಲ ಬಂದಿದೆ. ಮೆಮೊರಿ ಚಿಪ್ಪುಗಳ ಮೇಲಿನ ಪ್ಯಾಡುಗಳನ್ನು ಬದಲಿಸುವಾಗ ಹಳೆಯದರ ದಪ್ಪವೇ ಇರಬೇಕು. ಅರ್ಧ ಮಿಲಿಮೀಟರ್ ದಪ್ಪಗಾದರೂ ತಾಮ್ರದ ತಟ್ಟೆ ಚಿಪ್ಪಿಗೆ ಸರಿಯಾಗಿ ಕೂರದೆ ಮೊದಲಿಗಿಂತ ಹೆಚ್ಚು ಕಾಯುತ್ತದೆ. ವಾರಂಟಿ ಇನ್ನೂ ಉಳಿದಿದ್ದರೆ ಸ್ಕ್ರೂ ಮುಟ್ಟುವ ಮೊದಲು ಅದರ ನಿಯಮ ಓದಿ.

ಹುಡುಗನ ಕಾರ್ಡಿನ ಪೇಸ್ಟ್ ಇನ್ನೂ ಚೆನ್ನಾಗಿತ್ತು. ಗೂಡಿನಿಂದ ತೆಗೆದು ದೂಳು ಝಾಡಿಸಿದ್ದಕ್ಕೇ 84 ಇದ್ದದ್ದು 75ಕ್ಕೆ ಬಂತು. ಅತಿ ಬಿಸಿ ಬಿಂದು 89. ಕೋಣೆ ಅದೇ 38.

ತಂಪಾದರೂ ನಿಂತಿತು

ಆ ರಾತ್ರಿ ಊಟ ಮುಗಿಸಿ ಮತ್ತೆ ಆಡಲು ಕುಳಿತ. ಒಂದು ಗಂಟೆ ಸರಾಗವಾಗಿ ಓಡಿ ಸ್ಕ್ರೀನ್ ಮತ್ತೆ ಕಪ್ಪಾಯಿತು. ಹುಡುಗನ ಮುಖ ಬಾಡಿತು.

ತಂಪು ಬೇರೆ, ಸ್ಥಿರತೆ ಬೇರೆ ಎಂಬುದನ್ನು ಇಂಥ ಗಳಿಗೆ ಕಲಿಸುತ್ತದೆ. ಕಾರ್ಡು ಅತಿಯಾಗಿ ಕಾದರೆ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ. 2012ರ ಜಿಟಿಎಕ್ಸ್ 680ರಿಂದ ಎನ್ವಿಡಿಯಾ ಕಾರ್ಡುಗಳು ತಾಪ, ವಿದ್ಯುತ್ ಎರಡನ್ನೂ ನೋಡಿಕೊಂಡು ಗಳಿಗೆಗಳಿಗೆಗೂ ವೇಗ ಹೊಂದಿಸಿಕೊಳ್ಳುತ್ತ ಬಂದಿವೆ. ಹಾಗಾಗಿ ತಂಪಾದ ಕಾರ್ಡು ತುಸು ವೇಗದ ಕಾರ್ಡು ಕೂಡ. ಆರ್‌ಟಿಎಕ್ಸ್ 3060ಕ್ಕೆ ಕಂಪನಿ ಹೇಳುವ ಗರಿಷ್ಠ ಮಿತಿ 93 ಡಿಗ್ರಿ. 75ರಲ್ಲಿ ನಿಂತಿತೆಂದರೆ ಕಾರಣ ಕಾವಿನದಾಗಿರಲಾರದು.

ವಿಂಡೋಸ್ ತನ್ನ ದಿನಚರಿಯಲ್ಲಿ ಕಾರಣವನ್ನು ಬರೆದಿಟ್ಟಿತ್ತು. 'ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿತು.' ವಿಸ್ಟಾ ಕಾಲದಿಂದಲೂ ವಿಂಡೋಸ್‌ನಲ್ಲಿ ಒಂದು ಕಾವಲಿದೆ. ಒಪ್ಪಿಸಿದ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಎರಡು ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ಅದು ಸಿಕ್ಕಿಬಿದ್ದಿದೆ ಎಂದು ಬಗೆದು, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮತ್ತೆ ಶುರುಮಾಡುತ್ತದೆ. ಕೆಲವೊಮ್ಮೆ ಪರದೆ ಮಿನುಗಿ ಮರಳಿ ಬರುತ್ತದೆ, ಕೆಲವೊಮ್ಮೆ ಆಟವೇ ಬಿದ್ದುಹೋಗುತ್ತದೆ. ಕಾರ್ಡು ಲೆಕ್ಕ ತಪ್ಪಿ ಸಿಕ್ಕಿಬಿದ್ದದ್ದೇಕೆ?

ಕೇಳಿದಾಗ ಹುಡುಗ ಮೆಲ್ಲಗೆ ಹೇಳಿದ. ಒಂದು ವಿಡಿಯೊ ನೋಡಿ ಚಿಪ್ಪಿನ ವೇಗವನ್ನು 170 ಮೆಗಾಹರ್ಟ್ಸ್ ಏರಿಸಿಟ್ಟಿದ್ದನಂತೆ. ವಿಡಿಯೊದವನ ಕಾರ್ಡಿಗೆ ಅದು ಒಗ್ಗಿರಬಹುದು. ಒಂದೇ ಮಾದರಿಯ ಎರಡು ಚಿಪ್ಪುಗಳೂ ಒಂದೇ ಹದಕ್ಕೆ ಬಂದಿರುವುದಿಲ್ಲ. ಇದಕ್ಕೆ ಸಾಕಾದ ವೋಲ್ಟೇಜ್ ಅದಕ್ಕೆ ಸಾಲದು. ಸಾಲದೆ ಹೋದಾಗ ಎಲ್ಲೋ ಒಂದು ಟ್ರಾನ್ಸಿಸ್ಟರ್ ಸಮಯಕ್ಕೆ ಸರಿಯಾಗಿ ಬದಲಾಗುವುದಿಲ್ಲ, ಲೆಕ್ಕ ತಪ್ಪುತ್ತದೆ, ಪರದೆ ಕಪ್ಪಾಗುತ್ತದೆ. ಏರಿಸಿದ್ದನ್ನು ಸೊನ್ನೆಗೆ ಇಳಿಸಿದೆವು. ಮರುದಿನ ಮೂರು ಗಂಟೆ ಆಡಿದ, ಒಮ್ಮೆಯೂ ನಿಲ್ಲಲಿಲ್ಲ.

ತೂಬು ಬೇಕಾದಷ್ಟೇ

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅತ್ಯಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೂ ಬಾಕಿಯಿತ್ತು. ಕಾವನ್ನು ಹೊರಹಾಕುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಲೇಸು.

ಚಿಪ್ಪಿನ ವಿದ್ಯುತ್ ಖರ್ಚು ವೇಗಕ್ಕೆ ನೇರವಾಗಿ, ವೋಲ್ಟೇಜಿಗೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.05 ವೋಲ್ಟ್‌ನಲ್ಲಿ ಓಡುವ ಚಿಪ್ಪನ್ನು 0.9 ವೋಲ್ಟ್‌ಗೆ ಇಳಿಸಿದರೆ, ಅದೇ ವೇಗಕ್ಕೆ, ಖರ್ಚು ನೂರಕ್ಕೆ 26ರಷ್ಟು ಕಡಿಮೆ. ವೇಗವನ್ನು ನೂರಕ್ಕೆ ಎರಡು ಮೂರರಷ್ಟು ಬಿಟ್ಟುಕೊಟ್ಟರೆ ಇಷ್ಟು ವೋಲ್ಟೇಜ್ ಇಳಿಸುವುದು ಅನೇಕ ಕಾರ್ಡುಗಳಲ್ಲಿ ಸಾಧ್ಯ, ಏಕೆಂದರೆ ಕಂಪನಿಗಳು ಎಲ್ಲಕ್ಕಿಂತ ದುರ್ಬಲವಾದ ಚಿಪ್ಪೂ ಓಡಲೆಂದು ವೋಲ್ಟೇಜನ್ನು ತುಸು ಧಾರಾಳವಾಗಿಯೇ ಇಟ್ಟಿರುತ್ತವೆ. ಇದಕ್ಕೆ 'ಅಂಡರ್‌ವೋಲ್ಟ್' ಎನ್ನುತ್ತಾರೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ವೋಲ್ಟೇಜ್ ಮತ್ತು ವೇಗದ ಗೆರೆಯನ್ನು ಕಣ್ಣೆದುರೇ ಇಟ್ಟುಕೊಂಡು ಹೊಂದಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ದಿನವೂ ಆಡುವ ಆಟದಲ್ಲೇ ಅರ್ಧ ಗಂಟೆ ಪರೀಕ್ಷೆ. ತಪ್ಪಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಆತುರಪಟ್ಟು ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತೆಂದು ತಿಳಿಯುವುದಿಲ್ಲ.

ಹುಡುಗನ ಕಾರ್ಡನ್ನು 1,850 ಮೆಗಾಹರ್ಟ್ಸ್, 0.9 ವೋಲ್ಟ್‌ಗೆ ತಂದೆವು. 170 ವ್ಯಾಟ್ ಇದ್ದದ್ದು 140ರ ಆಸುಪಾಸಿಗೆ ಬಂತು, ತಾಪ 69. ಆಟದಲ್ಲಿ ಆದ ವ್ಯತ್ಯಾಸ ಅವನ ಕಣ್ಣಿಗೆ ಕಾಣಲಿಲ್ಲ.

ಇನ್ನೊಂದು ತೂಬು ಇದಕ್ಕಿಂತ ಸುಲಭ. ಅವನ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಕಾರ್ಡು 110 ಬರೆಯುತ್ತಿತ್ತು. ತೋರಿಸಲಾಗದ ಚಿತ್ರಗಳಿಗೂ ವಿದ್ಯುತ್ ಸುಡುತ್ತಿತ್ತು, ಕಾವು ಹುಟ್ಟುತ್ತಿತ್ತು. ಡ್ರೈವರಿನ ಸೆಟ್ಟಿಂಗ್‌ನಲ್ಲಿ 60ಕ್ಕೆ ಮಿತಿ ಹಾಕಿದೆವು. ಈ ಮಿತಿಯ ಮಹತ್ವ ತಿಳಿಸಿದ ಒಂದು ಪ್ರಕರಣ 2021ರ ಜುಲೈನಲ್ಲಿ ನಡೆದಿತ್ತು. ಅಮೆಜಾನ್‌ನ 'ನ್ಯೂ ವರ್ಲ್ಡ್' ಆಟದ ಪ್ರಯೋಗಾವಧಿಯಲ್ಲಿ, ಬರೀ ಮೆನು ತೆರೆದಿಟ್ಟಾಗಲೇ ಚಿತ್ರಗಳ ಸಂಖ್ಯೆ ಮಿತಿಯಿಲ್ಲದೆ ಏರಿ, ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳು ಸುಟ್ಟುಹೋದವು. ಕೆಟ್ಟುಹೋದ ತನ್ನ ಕಾರ್ಡುಗಳಲ್ಲಿ ಬೆಸುಗೆಯ ದೋಷವಿತ್ತೆಂದು ತಯಾರಕ ಕಂಪನಿ ಇವಿಜಿಎ ಹೇಳಿತು. ದೋಷ ಬೆಸುಗೆಯಲ್ಲಿದ್ದರೂ ಅದನ್ನು ಬಯಲಿಗೆ ತಂದದ್ದು ಲಂಗುಲಗಾಮಿಲ್ಲದ ದುಡಿಮೆ. ಆಟದವರು ಆಮೇಲೆ ಮೆನುವಿಗೂ ಮಿತಿ ಹಾಕಿದರು.

ಕರೆಂಟಿನ ದಾರಿಯೂ ಸುಗಮವಿರಲಿ

ಕಾರ್ಡಿನಿಂದ ಕಾವು ಹೊರಹೋಗುವ ದಾರಿಯಷ್ಟೇ ಅದಕ್ಕೆ ಕರೆಂಟು ಬರುವ ದಾರಿಯೂ ಮುಖ್ಯ. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, ಎಂಟು ಪಿನ್ನಿನ ಒಂದೊಂದು ಕೇಬಲ್ 150 ವ್ಯಾಟ್. ದೊಡ್ಡ ಕಾರ್ಡಿಗೆ ಎರಡು ಸಾಕೆಟ್ ಇದ್ದರೆ, ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯುವುದು ಒಳ್ಳೆಯದು. ಹೊಸ 16 ಪಿನ್ನಿನ ಕನೆಕ್ಟರ್ 600 ವ್ಯಾಟಿನವರೆಗೆ ಸಾಗಿಸುತ್ತದೆ. 12 ವೋಲ್ಟ್‌ನಲ್ಲಿ ಅದು 50 ಆಂಪಿಯರ್. 2022ರಲ್ಲಿ ಆರ್‌ಟಿಎಕ್ಸ್ 4090ರ ಕೆಲವು ಕನೆಕ್ಟರುಗಳು ಕರಗಿದ್ದಕ್ಕೆ ಅವು ಪೂರ್ತಿ ಒಳಗೆ ಕೂರದಿದ್ದದ್ದೇ ಮುಖ್ಯ ಕಾರಣವೆಂದು ಎನ್ವಿಡಿಯಾ ಹೇಳಿತು. ಆಮೇಲೆ ಆ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಲಾಯಿತು. ಅರ್ಧ ಕೂತ ಪ್ಲಗ್ಗಿನಲ್ಲಿ ಕಿಡಿ ಹಾರುವುದನ್ನು ಮನೆಯ ಸ್ವಿಚ್‌ಬೋರ್ಡಿನಲ್ಲಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಸಂದು ಉಳಿಯದಂತೆ ಒತ್ತಿ ಕೂರಿಸಿ.

ಕಾರ್ಡುಗಳು ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುವುದುಂಟು. 2022ರ ಎಟಿಎಕ್ಸ್ 3.0 ಮಾನದಂಡದ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡಿನ ಮಟ್ಟಿಗೆ ತಮ್ಮ ಸಾಮರ್ಥ್ಯದ ಎರಡು ಪಟ್ಟು ಭಾರ ತಡೆಯಬೇಕೆಂದು ವಿಧಿಸಿದ್ದು ಇದೇ ಕಾರಣಕ್ಕೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಬೇಕೇ ಬೇಕು. ಆದರೆ 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡಬಲ್ಲದು. ಆಟದ ಮಧ್ಯೆ ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಕೂಡ ಆರಿದರೆ ತಪ್ಪು ಕಾರ್ಡಿನದಲ್ಲ, ಯುಪಿಎಸ್ ಸಾಲದಾಗಿದೆ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ.

ಆಯಸ್ಸು ತಿನ್ನುವ ಏರಿಳಿತ

ಇಷ್ಟೆಲ್ಲ ಏಕೆ, ಕಾದರೆ ಕಾಯಲಿ ಎನ್ನುವವರಿದ್ದಾರೆ. ಇತಿಹಾಸ ಬೇರೆ ಹೇಳುತ್ತದೆ. 2007ರ ಜುಲೈನಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಯಂತ್ರಗಳ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿಡಬೇಕಾಯಿತು. ಯಂತ್ರಗಳು ಕೆಂಪು ದೀಪ ತೋರಿಸಿ ಸಾಯುತ್ತಿದ್ದವು. ಮರುವರ್ಷ ಎನ್ವಿಡಿಯಾ, ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಕೆಡುತ್ತಿರುವುದಕ್ಕಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಟ್ಟಿತು. ಎರಡು ಕಡೆಯೂ ಸೋತದ್ದು ಚಿಪ್ಪನ್ನು ಹಿಡಿದಿಡುವ ಸೂಕ್ಷ್ಮ ಜೋಡಣೆಗಳು. ಕಾದಾಗ ಸಿಲಿಕಾನ್ ಒಂದಷ್ಟು ಹಿಗ್ಗುತ್ತದೆ, ಅದರ ಕೆಳಗಿನ ಹಲಗೆ ಇನ್ನೊಂದಷ್ಟು. ತಣಿದಾಗ ಎರಡೂ ಕುಗ್ಗುತ್ತವೆ. ಈ ಎಳೆದಾಟ ಸಾವಿರ ಸಲ ನಡೆದರೆ ನಡುವಿನ ಬೆಸುಗೆ ಬಿರುಕು ಬಿಡುತ್ತದೆ. ಏರಿಳಿತ ಎಷ್ಟು ಕಿರಿದೋ ಬೆಸುಗೆಗೆ ಅಷ್ಟು ನಿರಾಳ. ಸತ್ತ ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿ ಬದುಕಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ಅದು ಬಿರುಕನ್ನು ಕೆಲವು ದಿನ ಮುಚ್ಚಬಹುದು ಅಷ್ಟೆ, ಅಡುಗೆಯ ಓವನ್ನಿಗೆ ವಿಷದ ಹೊಗೆಯನ್ನಂತೂ ತುಂಬುತ್ತದೆ.

ರಾಯಚೂರಿನಿಂದ ಹೊರಡುವ ದಿನ ಮಧ್ಯಾಹ್ನ ಮತ್ತೊಮ್ಮೆ ನೋಡಿದೆವು. ಕೋಣೆ 38, ಕಾರ್ಡು 64. ಅಂತರ 46ರಿಂದ 26ಕ್ಕೆ ಇಳಿದಿತ್ತು. ಫ್ಯಾನಿನ ಸದ್ದು ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿತ್ತು. ಖರ್ಚಾದದ್ದು ಒಂದು ಬ್ರಷ್ಷಿನ ಬೆಲೆ.

ಮೊನ್ನೆ ಅಕ್ಕ ಒಂದು ಫೋಟೊ ಕಳಿಸಿದ್ದಳು. ಹುಡುಗ ಮೇಜಿನ ಪಕ್ಕದ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖಿನ ಚೌಕದಲ್ಲಿ ಎರಡು ಅಂಕಿ ಬರೆದಿದ್ದಾನೆ, ಕೋಣೆಯದೊಂದು, ಕಾರ್ಡಿನದೊಂದು. ಅವುಗಳ ಕೆಳಗೆ ಅಂತರ. ಜೂನ್ 26, ಜುಲೈ 26, ಆಗಸ್ಟ್ 27, ಸೆಪ್ಟೆಂಬರ್ 29. ಸೆಪ್ಟೆಂಬರಿನ ಚೌಕದ ಪಕ್ಕದಲ್ಲಿ ಚಿಕ್ಕದಾಗಿ ಬರೆದುಕೊಂಡಿದ್ದ: 'ಐತ್ವಾರ ದೂಳು ತೆಗಿಬೇಕು.'